ಹೊಸ ಏರಿಯಾ, ಹೊಸ ಚರ್ಚ್: ನಮ್ಮ ಹೆಸರು ಎಲ್ಲಿ ಗೊತ್ತಿರಬೇಕು?

🔹 1/10

ಪಿಜಿ ಸಿಕ್ತು, ಬಸ್ ನಂಬರ್ ಬಾಯಿಪಾಠ ಆಯ್ತು, ಎಲ್ಲಿ ದೋಸೆ ಚೆನ್ನಾಗಿರತ್ತೆ ಅಂತಲೂ ಗೊತ್ತಾಯ್ತು. ಆದ್ರೆ ಊರು ಬಿಟ್ಟು ಬೆಂಗಳೂರಿಗೆ ಬಂದ ನಮ್ಮಂಥ ಕ್ರೈಸ್ತ ಹುಡುಗ ಹುಡುಗಿಯರಿಗೆ ಒಂದು ಪ್ರಶ್ನೆ ಮಾತ್ರ ತಿಂಗಳುಗಟ್ಟಲೆ ಹಾಗೇ ಉಳಿದುಬಿಡತ್ತೆ: ಭಾನುವಾರ ಯಾವ ಚರ್ಚ್‌ಗೆ ಹೋಗೋದು?

ಕ್ಲಾಸಿನವರು, ಜೂನಿಯರ್ಸ್, ಊರಿನ ಯೂತ್ ಗ್ರೂಪಿನವರು, ಎಲ್ಲರೂ ಡಿಎಂನಲ್ಲಿ ಇದನ್ನೇ ಕೇಳ್ತಿದ್ದೀರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಟೈಪ್ ಮಾಡೋ ಬದಲು ಇಲ್ಲೇ ಬರೀತೀನಿ. ಒಂದು ಕ್ಯಾಪ್ಷನ್‌ಗೆ 2200 ಅಕ್ಷರದ ಮಿತಿ ಇರೋದ್ರಿಂದ ಹತ್ತು ಪೋಸ್ಟ್. ಫೋಟೋಗಳೆಲ್ಲ ಬೆಂಗಳೂರಿನ ಚರ್ಚ್‌ಗಳ ಬಾಗಿಲುಗಳದ್ದು. ಒಳಗಿನದ್ದು ನೀವೇ ಹೋಗಿ ನೋಡಿ.

ಮೊದಲೇ ಹೇಳಿಬಿಡ್ತೀನಿ, ಇದು "ಬೆಂಗಳೂರಿನ ಟಾಪ್ 10 ಚರ್ಚ್" ಪಟ್ಟಿ ಅಲ್ಲ. ನನಗೊಂದು ಅಭಿಪ್ರಾಯ ಇದೆ, ಅದನ್ನ ಹೇಳ್ತೀನಿ. ಒಪ್ಪದಿದ್ರೆ ಕಾಮೆಂಟಿನಲ್ಲಿ ಜಗಳ ಆಡಿ, ಬೇಜಾರಿಲ್ಲ.

ಸಾಮಾನ್ಯವಾಗಿ ನಾವು ಕೇಳೋ ಪ್ರಶ್ನೆಗಳು ಇವು. ಅಲ್ಲಿ ವರ್ಶಿಪ್ ಹೇಗಿದೆ? ಮೆಸೇಜ್ ಎಷ್ಟು ಹೊತ್ತು? ನಮ್ಮ ವಯಸ್ಸಿನವರು ಇದ್ದಾರಾ? ಎಸಿ ಇದೆಯಾ? ತಪ್ಪು ಪ್ರಶ್ನೆಗಳೇನಲ್ಲ. ಆದ್ರೆ ಇವೆಲ್ಲ ಸಿನಿಮಾ ಥಿಯೇಟರ್ ಆರಿಸೋಕೂ ಸಾಕಾಗೋ ಪ್ರಶ್ನೆಗಳು. ಚರ್ಚ್‌ಗೆ ಬೇಕಾದ ಪ್ರಶ್ನೆ ಇನ್ನೊಂದಿದೆ:

ನಾನು ಎರಡು ಭಾನುವಾರ ಬರಲಿಲ್ಲ ಅಂದ್ರೆ, ಅಲ್ಲಿ ಯಾರಿಗಾದ್ರೂ ಗೊತ್ತಾಗತ್ತಾ?

ಈ ಪ್ರಶ್ನೆಗೆ "ಹೂಂ" ಅನ್ನೋ ಉತ್ತರ ಸಿಗೋ ಚರ್ಚು ಹಾಡಿನಲ್ಲಿ ಸ್ವಲ್ಪ ಹಿಂದೆ ಇದ್ರೂ, ಪ್ರಸಂಗ ಸ್ವಲ್ಪ ಎಳೆದಂಗಿದ್ರೂ, ಅದೇ ನಮಗೆ ಬೇಕಾದ ಚರ್ಚು ಅಂತ ನನ್ನ ವಾದ. ಯಾಕೆ ಅಂತ ಮುಂದಿನ ಒಂಬತ್ತು ಪೋಸ್ಟ್‌ಗಳಲ್ಲಿ ಹೇಳ್ತೀನಿ. ಸೇವ್ ಮಾಡ್ಕೊಳ್ಳಿ.

🔹 2/10

ಊರಿನ ಚರ್ಚನ್ನ ನಾವು ಯಾರೂ ಆರಿಸಿಲ್ಲ. ಅದು ಅಪ್ಪ ಅಮ್ಮನ ಚರ್ಚ್, ಅಜ್ಜಿಯ ಚರ್ಚ್. ದೀಕ್ಷಾಸ್ನಾನ ಅಲ್ಲೇ ಆಯ್ತು, ಸಂಡೇ ಸ್ಕೂಲ್ ಅಲ್ಲೇ, ಕ್ರಿಸ್ಮಸ್ ನಾಟಕದಲ್ಲಿ ಕುರಿ ಕಾಯೋನ ಪಾರ್ಟೂ ಅಲ್ಲೇ. ಒಂದು ವಾರ ತಪ್ಪಿಸಿದ್ರೆ ಸೋಮವಾರ ಬೆಳಗ್ಗೆ ಹಾಲು ತರೋಕೆ ಹೋದಾಗಲೇ ಯಾರೋ ಒಬ್ಬರು "ಯಾಕೆ ನಿನ್ನೆ ಕಾಣಿಸಲಿಲ್ಲ?" ಅಂತ ಕೇಳ್ತಿದ್ರು. ಕಿರಿಕಿರಿ ಅನಿಸ್ತಿತ್ತು, ನಿಜ.

ಇಲ್ಲಿ ಯಾರೂ ಕೇಳಲ್ಲ. ಮೊದಲ ಭಾನುವಾರ ಸಾಮಾನು ಜೋಡಿಸೋ ಕೆಲಸ. ಎರಡನೇ ಭಾನುವಾರ ಬಟ್ಟೆ ಒಗೆಯೋದು. ಮೂರನೇದು ಇಂಟರ್ನಲ್ಸ್. ನಾಲ್ಕನೇ ವಾರ ಹಾಸಿಗೆಯಲ್ಲೇ ಮಲಗಿ ಯೂಟ್ಯೂಬಿನಲ್ಲಿ ಊರಿನ ಆರಾಧನೆ ಹಾಕ್ಕೊಂಡು, ಪ್ರಸಂಗ ಶುರುವಾಗೋ ಹೊತ್ತಿಗೆ ರೀಲ್ಸ್‌ಗೆ ಜಾರೋದು. ನಾನು ನೋಡಿದ ಹಾಗೆ "ಇನ್ಮೇಲೆ ಚರ್ಚ್‌ಗೆ ಹೋಗಲ್ಲ" ಅಂತ ತೀರ್ಮಾನ ಮಾಡಿ ಬಿಟ್ಟವರು ತುಂಬಾ ಕಡಿಮೆ. "ಒಳ್ಳೇ ಚರ್ಚ್ ಇನ್ನೂ ಸಿಕ್ಕಿಲ್ಲ" ಅಂತ ಹೇಳ್ತಾ ಹೇಳ್ತಾನೇ ಡಿಗ್ರಿ ಮುಗಿಸಿದವರು ಜಾಸ್ತಿ.

ಕೋವಿಡ್ ಸಮಯದಲ್ಲಿ ಎಲ್ಲಾ ಸಭೆಗಳೂ ಮೊಬೈಲಿಗೆ ಬಂದಾಗ ಅದು ಬೇಕಾಗಿತ್ತು. ಹುಷಾರಿಲ್ಲದವರಿಗೆ, ವಯಸ್ಸಾದವರಿಗೆ ಇವತ್ತಿಗೂ ಬೇಕು. ಆದ್ರೆ ಇಪ್ಪತ್ತು ವರ್ಷದ, ಎರಡು ಕಾಲು ಗಟ್ಟಿಯಾಗಿರೋ ನಮಗೆ ಆನ್‌ಲೈನ್ ಆರಾಧನೆ ಸಾಕು ಅನ್ನೋದನ್ನ ನಾನು ಒಪ್ಪಲ್ಲ. ನೋಡೋದು ಒಂದು ಕಡೆ, ಸೇರೋದು ಇನ್ನೊಂದು ಕಡೆ. ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯ 25ನೇ ವಚನ ತೆಗೆದು ನೋಡಿ. ಸಭೆಯಾಗಿ ಕೂಡಿಬರೋದನ್ನ ಬಿಡಬೇಡಿ ಅಂತ ಹೇಳೋದರ ಜೊತೆಗೇ ಒಬ್ಬರನ್ನೊಬ್ಬರು ಹುರಿದುಂಬಿಸೋ ಮಾತೂ ಅಲ್ಲಿದೆ. ಅದಕ್ಕೆ ಕನಿಷ್ಠ ಪಕ್ಷ ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕು. ಸ್ಕ್ರೀನಿನ ಆ ಕಡೆ ಇರೋರಿಗೆ ನಾವು ಅತ್ತಿದ್ದೂ ಕಾಣಲ್ಲ, ನಿದ್ದೆ ಹೋಗಿದ್ದೂ ಕಾಣಲ್ಲ.

ಆದ್ದರಿಂದ ಮೊದಲ ಸಲಹೆ: ಹುಡುಕೋದಕ್ಕೆ ಒಂದು ಕೊನೇ ದಿನಾಂಕ ಇಟ್ಕೊಳ್ಳಿ. ಬಂದ ದಿನದಿಂದ ಮೂರು ತಿಂಗಳು ಅಂತ ಇಟ್ಕೊಂಡ್ರೂ ಧಾರಾಳ.

🔹 3/10

ಹುಡುಕೋ ಮುಂಚೆ ಯಾವುದು ಏನು ಅಂತ ಸ್ವಲ್ಪ ಗೊತ್ತಿರಲಿ. ಬೋರ್ಡ್ ನೋಡಿ ಗಲಿಬಿಲಿ ಆಗೋದು ಸಹಜ.

ಸಿಎಸ್‌ಐ ಅಂದ್ರೆ ದಕ್ಷಿಣ ಭಾರತ ಸಭೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಹಿನ್ನೆಲೆಯ ಸಭೆಗಳು ಒಂದಾಗಿ ಹುಟ್ಟಿದ್ದು. ಸ್ವಾತಂತ್ರ್ಯ ಬಂದು ಇನ್ನೂ ಒಂದೂವರೆ ತಿಂಗಳೂ ಆಗಿರಲಿಲ್ಲ. ಕರ್ನಾಟಕದಲ್ಲಿ ಇದಕ್ಕೆ ಉತ್ತರ, ದಕ್ಷಿಣ, ಮಧ್ಯ ಅಂತ ಮೂರು ಡಯಾಸಿಸ್ ಇವೆ. ಮಂಗಳೂರು, ಧಾರವಾಡ ಕಡೆಯಿಂದ ಬಂದವರ ಸಭೆಗಳಿಗೆ ಬಾಸೆಲ್ ಮಿಷನ್ ಹಿನ್ನೆಲೆ ಇರತ್ತೆ. ಆ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ.

ಕೋಲಾರ, ಬೀದರ್ ಕಡೆಯವರು "ನಮ್ಮದು ಮೆಥಡಿಸ್ಟ್" ಅಂತಾರಲ್ಲ, ಅದು ಬೇರೆ. ಅಮೆರಿಕನ್ ಮೆಥಡಿಸ್ಟ್ ಮಿಷನ್ನಿನಿಂದ ಬೆಳೆದ ಆ ಸಭೆಗಳು ಸಿಎಸ್‌ಐಗೆ ಸೇರಲಿಲ್ಲ. ಕೇರಳದ ಗೆಳೆಯರ ಮಾರ್ತೋಮಾ, ಆರ್ಥೊಡಾಕ್ಸ್ ಸಭೆಗಳಿವೆ. ಬ್ಯಾಪ್ಟಿಸ್ಟ್, ಬ್ರದರನ್, ಪೆಂಟೆಕೋಸ್ಟಲ್ ಇವೆ. ಯಾವ ಡಯಾಸಿಸ್‌ಗೂ ಸೇರದ, ಒಬ್ಬ ಪಾಸ್ಟರ್ ಶುರು ಮಾಡಿದ ಸ್ವತಂತ್ರ ಸಭೆಗಳಂತೂ ಬೆಂಗಳೂರಿನಲ್ಲಿ ಬೀದಿಗೊಂದು.

ಕಥೋಲಿಕ ಗೆಳೆಯರಿಗೆ ವಿಷಯ ಸ್ವಲ್ಪ ಬೇರೆ. ಅಲ್ಲಿ ಧರ್ಮಕೇಂದ್ರ ಅನ್ನೋದು ಸಾಮಾನ್ಯವಾಗಿ ಏರಿಯಾ ಲೆಕ್ಕ. ನೀವಿರೋ ಜಾಗ ಯಾವ ಧರ್ಮಕೇಂದ್ರಕ್ಕೆ ಸೇರತ್ತೋ ಅದೇ ನಿಮ್ಮದು. ಪೂಜೆಗೆ ಎಲ್ಲಿ ಬೇಕಾದ್ರೂ ಹೋಗಬಹುದು. ಗುರುವಾರ ವಿವೇಕನಗರದ ಬಾಲಯೇಸು ದೇವಾಲಯಕ್ಕೆ, ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾಗೆ ಊರಿಗೆ ಊರೇ ಹೋಗತ್ತೆ. ಆದ್ರೆ ನಿಮ್ಮ ಏರಿಯಾದ ಫಾದರ್‌ಗೆ ನಿಮ್ಮ ಮುಖ ಗೊತ್ತಿರಬೇಕು. ಒಮ್ಮೆ ಆಫೀಸಿಗೆ ಹೋಗಿ ಹೆಸರು ಬರೆಸಿ.

ನನ್ನ ಅಭಿಪ್ರಾಯ: ಗಟ್ಟಿ ಕಾರಣ ಇಲ್ಲದಿದ್ರೆ ಮೊದಲು ನಿಮ್ಮ ಊರಿನ ಸಭೆಯ ಪಂಗಡವನ್ನೇ ಇಲ್ಲೂ ಹುಡುಕಿ. ಆರಾಧನೆಯ ಕ್ರಮ ಗೊತ್ತಿರತ್ತೆ, ಕಾಗದಪತ್ರ ಸುಲಭ, ಮನೆಯಲ್ಲಿ ಗಲಾಟೆ ಇಲ್ಲ. ಹೊಸ ಊರಿನಲ್ಲಿ ಎಲ್ಲಾ ಹೊಸದಾಗಿರುವಾಗ ಒಂದಾದ್ರೂ ಹಳೇದು ಇರಲಿ.

🔹 4/10

ಈಗ ಭಾಷೆ. ಜಗಳ ಇಲ್ಲೇ ಶುರುವಾಗತ್ತೆ ಅಂತ ಗೊತ್ತು.

ಬೆಂಗಳೂರಿಗೆ ಬಂದ ತಕ್ಷಣ ನಾವು ಮಾಡೋ ಮೊದಲ ಕೆಲಸ ಇಂಗ್ಲಿಷ್ ಆರಾಧನೆಗೆ ಹೋಗೋದು. ಕಾರಣ ಕೇಳಿದ್ರೆ "ಯೂತ್ ಎಲ್ಲಾ ಅಲ್ಲೇ ಇರ್ತಾರೆ" ಅಂತೀವಿ. ನಿಜವೇ. ಆದ್ರೆ ಯೂತ್ ಎಲ್ಲಾ ಅಲ್ಲೇ ಇರೋದು ಯಾಕೆ ಅಂದ್ರೆ ನಾವೆಲ್ಲ ಅಲ್ಲಿಗೇ ಹೋಗ್ತೀವಲ್ಲ, ಅದಕ್ಕೆ!

ಈ ಊರಿನಲ್ಲಿ ಕನ್ನಡ ಸಭೆ ಅನ್ನೋದು ನಿನ್ನೆ ಮೊನ್ನೆ ಬಂದಿದ್ದಲ್ಲ. ಅವೆನ್ಯೂ ರಸ್ತೆಯ ಗದ್ದಲದ ಮಧ್ಯೆ ರೈಸ್ ಸ್ಮಾರಕ ಚರ್ಚ್ ಇದೆ. ಅದು ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ನೆನಪಿನದ್ದು. ಕರ್ನಾಟಕದ ಸಾವಿರಾರು ಶಾಸನಗಳನ್ನ ಸಂಗ್ರಹಿಸಿ "ಎಪಿಗ್ರಾಫಿಯಾ ಕರ್ನಾಟಿಕಾ" ತಂದ ಬಿ.ಎಲ್. ರೈಸ್ ಇವರ ಮಗ. ಕಾರ್ಪೊರೇಷನ್ ಹತ್ತಿರ ಹಡ್ಸನ್ ಸ್ಮಾರಕ ಚರ್ಚ್ ಇದೆ, 1904ರದ್ದು, ಅದೂ ಕನ್ನಡ ಸಭೆ. ನಾವು ಲೈಬ್ರರಿಯಲ್ಲಿ ನೋಡೋ ಕಿಟ್ಟೆಲ್ ನಿಘಂಟು 1894ರಲ್ಲಿ ಬಂತು. ಕಿಟ್ಟೆಲ್ ಬಾಸೆಲ್ ಮಿಷನ್ನಿನವರು. ಕನ್ನಡಕ್ಕೂ ಚರ್ಚ್‌ಗೂ ಇಷ್ಟು ಹಳೇ ನಂಟು ಇರುವಾಗ, ಕನ್ನಡ ಆರಾಧನೆಯ ಹಿಂದಿನ ಸಾಲುಗಳು ಖಾಲಿ ಇರೋದು ನೋಡಿದ್ರೆ ಹೊಟ್ಟೆ ಉರಿಯತ್ತೆ.

ಹಾಗಂತ ಕನ್ನಡಕ್ಕೇ ಹೋಗಬೇಕು ಅಂತ ಕಾನೂನು ಮಾಡೋಕೆ ನಾನು ಯಾರೂ ಅಲ್ಲ. ಕೆಜಿಎಫ್‌ನ ಗೆಳತಿ ತಮಿಳಿನಲ್ಲಿ ಪ್ರಾರ್ಥನೆ ಮಾಡ್ತಾಳೆ, ಮಂಗಳೂರಿನವನು ಕೊಂಕಣಿಯಲ್ಲಿ. ಅದೂ ನಮ್ಮ ಕರ್ನಾಟಕವೇ. ನನ್ನ ಪರೀಕ್ಷೆ ಸರಳ. ಮನೆಯಿಂದ ರಾತ್ರಿ ಹನ್ನೊಂದಕ್ಕೆ ಫೋನ್ ಬಂದು "ಅಪ್ಪನ್ನ ಆಸ್ಪತ್ರೆಗೆ ಸೇರಿಸಿದ್ದೀವಿ" ಅಂದ್ರೆ ನಿಮ್ಮ ಬಾಯಿಂದ ಪ್ರಾರ್ಥನೆ ಯಾವ ಭಾಷೆಯಲ್ಲಿ ಬರತ್ತೆ? ಆ ಭಾಷೆಯ ಸಭೆಗೆ ಮೊದಲ ಅವಕಾಶ ಕೊಡಿ.

ಹಳೇ ಗ್ರಂಥಗನ್ನಡ ಅರ್ಥ ಆಗಲ್ಲ ಅನ್ನೋ ದೂರು ಒಪ್ತೀನಿ. ಅದನ್ನ ಸರಿ ಮಾಡಬೇಕಾದವರೂ ನಾವೇ. ಒಳಗಿದ್ದು ಪಾಠ ಓದಿ, ಪಿಪಿಟಿ ಮಾಡಿ, ಹೊಸ ಹಾಡು ಕಲಿಸಿ.

🔹 5/10

ದೂರ. ಇದನ್ನ ಯಾರೂ ಸೀರಿಯಸ್ ಆಗಿ ತಗೊಳ್ಳಲ್ಲ, ಆದ್ರೆ ನಮ್ಮನ್ನ ಚರ್ಚಿನಿಂದ ದೂರ ಮಾಡೋದರಲ್ಲಿ ಟ್ರಾಫಿಕ್‌ಗೆ ದೊಡ್ಡ ಪಾಲಿದೆ.

ಲೆಕ್ಕ ಹಾಕೋಣ. ಹೋಗೋಕೆ ಒಂದೂವರೆ ಗಂಟೆ, ಬರೋಕೆ ಒಂದೂವರೆ. ಭಾನುವಾರಕ್ಕೆ 3 ಗಂಟೆ, ತಿಂಗಳಿಗೆ 12 ಗಂಟೆ ರಸ್ತೆಯಲ್ಲೇ. ಮೊದಲ ತಿಂಗಳು ಉತ್ಸಾಹ ಇರತ್ತೆ. ಮಳೆಗಾಲ ಬರತ್ತೆ, ಅಸೈನ್‌ಮೆಂಟ್ ಬರತ್ತೆ, ಆಟೋದವರು ಮೀಟರ್ ಮೇಲೆ ಕೇಳ್ತಾರೆ. ಭಾನುವಾರ ಮೆಟ್ರೋ ಕೂಡ ಬೇರೆ ದಿನಗಳಿಗಿಂತ ತಡವಾಗಿ ಶುರುವಾಗತ್ತೆ, ಬೆಳಗಿನ ಮೊದಲ ಆರಾಧನೆ ಹಿಡಿಯೋಕೆ ಆಗಲ್ಲ. ಅಲ್ಲಿಗೆ ವಾರ ಬಿಟ್ಟು ವಾರ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಕ್ರಿಸ್ಮಸ್.

ದೂರದ ಚರ್ಚಿನ ನಿಜವಾದ ಸಮಸ್ಯೆ ಭಾನುವಾರದ್ದಲ್ಲ, ಉಳಿದ ಆರು ದಿನದ್ದು. ಬುಧವಾರದ ಪ್ರಾರ್ಥನಾ ಕೂಟಕ್ಕೆ ಹೋಗೋಕಾಗಲ್ಲ. ಕ್ಯಾರಲ್ಸ್ ಪ್ರಾಕ್ಟೀಸ್ ರಾತ್ರಿ ಒಂಬತ್ತಕ್ಕೆ ಮುಗಿದ್ರೆ ಪಿಜಿ ಗೇಟ್ ಹಾಕಿರ್ತಾರೆ. ನಮಗೆ ಹುಷಾರಿಲ್ಲದಿದ್ರೆ ಅಲ್ಲಿಂದ ಯಾರೂ ಬರೋಕಾಗಲ್ಲ. ಅವರ ಮನೆಯಲ್ಲಿ ಸಾವಾದ್ರೆ ನಾವು ಹೋಗೋಕಾಗಲ್ಲ. ಕೊನೆಗೆ ನಮ್ಮ ನಂಟು ಆ ಎರಡು ಗಂಟೆಯ ಕಾರ್ಯಕ್ರಮದ ಜೊತೆ ಮಾತ್ರ ಉಳಿಯತ್ತೆ.

ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ 1808ರಲ್ಲಿ ಶುರುವಾದದ್ದು. ಟ್ರಿನಿಟಿ ಸರ್ಕಲ್‌ಗೆ ಹೆಸರು ಬಂದದ್ದೇ ಅಲ್ಲಿರೋ ಹೋಲಿ ಟ್ರಿನಿಟಿ ಚರ್ಚಿನಿಂದ. ಎರಡೂ ಕಣ್ತುಂಬ ನೋಡಬೇಕಾದ ಜಾಗಗಳೇ. ಒಂದು ಭಾನುವಾರ ಹೋಗಿ ಬನ್ನಿ, ಹೊರಗೆ ಫೋಟೋನೂ ತೆಗೆಯಿರಿ. ಆದ್ರೆ ಕಟ್ಟಡ ಚಂದ ಅಂತ ಕೆಂಗೇರಿಯಿಂದ ಪ್ರತಿ ವಾರ ಅಲ್ಲಿಗೆ ಹೋಗ್ತೀನಿ ಅಂತ ಹೊರಡಬೇಡಿ.

ನನ್ನ ನಿಯಮ: ನಡೆದು ಹೋಗೋ ಹಾಗಿದ್ರೆ ಬೆಸ್ಟ್. ಇಲ್ಲಾಂದ್ರೆ ಒಂದೇ ಬಸ್ಸು, ಹೆಚ್ಚಂದ್ರೆ ಅರ್ಧ ಗಂಟೆ. ಹತ್ತಿರ ಇರೋ ಸಾಧಾರಣ ಚರ್ಚು ದೂರದ ಅದ್ಭುತ ಚರ್ಚಿಗಿಂತ ನಮ್ಮನ್ನ ಹೆಚ್ಚು ಕಾಪಾಡತ್ತೆ.

🔹 6/10

"ಹಾಗಾದ್ರೆ ದೊಡ್ಡ ಚರ್ಚುಗಳೆಲ್ಲ ಕೆಟ್ಟವಾ?" ಅಂತ ಕೇಳೋರಿಗೆ.

ಅಲ್ಲ. ಲೈಟು, ಎಲ್‌ಇಡಿ ಪರದೆ, ಡ್ರಮ್ಸ್, ಸಾವಿರಾರು ಜನ ಒಟ್ಟಿಗೆ ಹಾಡೋದು, ಅದರಲ್ಲಿ ಒಂದು ಶಕ್ತಿ ಇದೆ. ಅಲ್ಲಿನ ಎಷ್ಟೋ ವಾಲಂಟಿಯರ್‌ಗಳು ಬೆಳಗ್ಗೆ ಐದಕ್ಕೆ ಎದ್ದು ಬರ್ತಾರೆ. ಪ್ರಸಂಗಕ್ಕೆ ಚೆನ್ನಾಗಿ ತಯಾರಿ ಮಾಡಿರ್ತಾರೆ. ಇದನ್ನ ಗೇಲಿ ಮಾಡೋದು ಸುಲಭ, ನನಗೆ ಆ ಆಸೆ ಇಲ್ಲ.

ಇನ್ನೊಂದು ವಾದನೂ ಇದೆ, ಅದು ಇನ್ನೂ ಗಟ್ಟಿ. ಒಬ್ಬ ಗೆಳತಿ ಹೇಳಿದ್ದು: "ನಮ್ಮೂರ ಚರ್ಚಿನಲ್ಲಿ ನನ್ನ ಮಾರ್ಕ್ಸು, ನನ್ನ ಬಟ್ಟೆ, ನನ್ನ ಫೋನ್ ಕಾಲ್ ಎಲ್ಲದರ ಲೆಕ್ಕ ಇಡ್ತಿದ್ರು. ಯಾರಿಗೂ ಗೊತ್ತಾಗದ ಹಾಗೆ ಹಿಂದೆ ಕೂತು ಪ್ರಾರ್ಥನೆ ಮಾಡೋದೇ ನನಗೆ ಈಗ ಔಷಧಿ." ಈ ಮಾತಿಗೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಎಲ್ಲರ ಬಾಯಲ್ಲೂ ನಮ್ಮ ವಿಷಯ ಇದ್ದು, ಯಾರಿಗೂ ನಮ್ಮ ಬಗ್ಗೆ ಕಾಳಜಿ ಇಲ್ಲದಿರೋ ಸಭೆಗಳು ಇವೆ. ಅಂಥ ಕಡೆಯಿಂದ ನೊಂದು ಬಂದವರಿಗೆ ಗುಂಪಿನಲ್ಲಿ ಮರೆಯಾಗಿ ಕೂರೋ ಹಕ್ಕಿದೆ. ಕೆಲವು ತಿಂಗಳು ಹಾಗೇ ಇರಿ.

ಆದ್ರೆ ಅಲ್ಲೇ ನಿಲ್ಲಬೇಡಿ. ಕಳೆದ ಮಳೆಗಾಲದಲ್ಲಿ ನಮ್ಮ ಪಿಜಿಯಲ್ಲಿ ಇಬ್ಬರಿಗೆ ಡೆಂಗ್ಯೂ ಆಯ್ತು. ಒಬ್ಬಳು ದೊಡ್ಡ ಚರ್ಚಿನವಳು. ಅವಳ ಫೋನಿಗೆ ವಾರದ ವಿಡಿಯೋ ಲಿಂಕ್ ಟೈಮಿಗೆ ಸರಿಯಾಗಿ ಬಂತು. ಇನ್ನೊಬ್ಬಳು ಹತ್ತಿರದ ಚಿಕ್ಕ ಸಭೆಗೆ ಹೋಗ್ತಿದ್ಲು. ಅವಳಿಗೆ ಪಾಸ್ಟರಮ್ಮ ಸ್ಟೀಲ್ ಡಬ್ಬಿಯಲ್ಲಿ ಗಂಜಿ ಕಳಿಸಿದ್ರು, ಯೂತ್‌ನ ಅಣ್ಣ ಒಬ್ಬರು ಪ್ಲೇಟ್ಲೆಟ್ ಟೆಸ್ಟಿಗೆ ಕರ್ಕೊಂಡು ಹೋದ್ರು. ಗಂಜಿ ಇಬ್ಬರೂ ಹಂಚ್ಕೊಂಡು ಕುಡಿದ್ರು ಅನ್ನೋದು ಬೇರೆ ಮಾತು.

ದೊಡ್ಡ ಚರ್ಚಿಗೇ ಹೋಗ್ತೀರಿ ಅಂದ್ರೆ ಒಂದು ಕೆಲಸ ಮಾಡಿ. ಅವರ ಸೆಲ್ ಗ್ರೂಪ್, ಹೌಸ್ ಗ್ರೂಪ್ ಅಂತ ಏನಿರತ್ತೋ ಅದಕ್ಕೆ ಮೊದಲ ತಿಂಗಳೇ ಸೇರಿ. ಹತ್ತು ಜನರಿಗಾದ್ರೂ ನಿಮ್ಮ ರೂಮ್ ನಂಬರ್ ಗೊತ್ತಿರಲಿ.

🔹 7/10

ಇದು ಸ್ವಲ್ಪ ಕಟುವಾದ ಪೋಸ್ಟ್. ಜೂನಿಯರ್ಸ್, ನೀವು ಮುಖ್ಯವಾಗಿ ಓದಿ. "ಯಾವ ಚರ್ಚಾದ್ರೂ ಒಳ್ಳೇದೇ" ಅನ್ನೋದು ಸುಳ್ಳು. ಹೊಸ ಊರಿನಲ್ಲಿ ಒಂಟಿಯಾಗಿರೋ ಹತ್ತೊಂಬತ್ತು ವರ್ಷದವರನ್ನ ಬಳಸಿಕೊಳ್ಳೋದು ಸುಲಭ. ಕೆಳಗಿನ ಯಾವುದಾದ್ರೂ ಕಂಡ್ರೆ ಹಿಂದೆ ಮುಂದೆ ನೋಡದೆ ಎದ್ದು ಬನ್ನಿ.

▪️ ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸು, ನಂಬಿಕೆ ಸಾಕು ಅಂತಾರೆ. ಡಿಪ್ರೆಶನ್, ಫಿಟ್ಸ್, ಶುಗರ್, ಯಾವುದೇ ಇರಲಿ, ಮಾತ್ರೆ ನಿಲ್ಲಿಸೋದನ್ನ ಡಾಕ್ಟರ್ ಮಾತ್ರ ಹೇಳಬೇಕು. ಪ್ರಾರ್ಥನೆನೂ ಮಾಡಿ, ಮಾತ್ರೆನೂ ತಗೊಳ್ಳಿ.

▪️ ಇಷ್ಟು ಕೊಟ್ರೆ ಇಷ್ಟು ಪಟ್ಟು ವಾಪಸ್ ಬರತ್ತೆ ಅಂತ ಕಾಣಿಕೆ ಕೇಳ್ತಾರೆ. ಫೀಸ್ ದುಡ್ಡನ್ನೂ ಬಿಡಲ್ಲ.

▪️ ಲೆಕ್ಕ ಕೇಳಿದ್ರೆ ಕೋಪ ಮಾಡ್ಕೋತಾರೆ. ಚೆನ್ನಾಗಿ ನಡೆಯೋ ಸಭೆಯಲ್ಲಿ ಕಮಿಟಿ ಇರತ್ತೆ, ವರ್ಷಕ್ಕೊಮ್ಮೆ ಲೆಕ್ಕಪತ್ರ ಸದಸ್ಯರ ಮುಂದೆ ಬರತ್ತೆ. ಅಲ್ಲೂ ಜಗಳ, ರಾಜಕೀಯ ಎಲ್ಲಾ ಇರತ್ತೆ. ಆದ್ರೆ ಜಗಳ ಆಡೋಕಾದ್ರೂ ಒಂದು ಜಾಗ ಇದೆ. ಒಬ್ಬರೇ ಪಾಸ್ಟರ್, ಅವರದ್ದೇ ಅಕೌಂಟ್, ಅವರ ಮನೆಯವರೇ ಟ್ರಸ್ಟಿಗಳು ಅಂದ್ರೆ ಹುಷಾರು.

▪️ ಉಳಿದ ಎಲ್ಲಾ ಚರ್ಚುಗಳೂ ನರಕಕ್ಕೆ, ನಾವೊಬ್ಬರೇ ಸರಿ ಅಂತಾರೆ. ಅಪ್ಪ ಅಮ್ಮನ ಜೊತೆ, ಬೇರೆ ಧರ್ಮದ ಗೆಳೆಯರ ಜೊತೆ ಮಾತು ಬಿಡಿಸ್ತಾರೆ.

▪️ ಕೌನ್ಸೆಲಿಂಗ್ ಅಂತ ಬಾಗಿಲು ಹಾಕಿ ಒಬ್ಬಳನ್ನೇ ಕೂರಿಸ್ತಾರೆ, ರಾತ್ರಿ ಮೆಸೇಜ್ ಮಾಡ್ತಾರೆ, "ಯಾರಿಗೂ ಹೇಳಬೇಡ" ಅಂತಾರೆ. ಆ ಮಾತು ಬಂದ ಕೂಡಲೇ ಮನೆಯವರಿಗೆ ಹೇಳಿ. ಇದು ಹುಡುಗರಿಗೂ ಅನ್ವಯಿಸತ್ತೆ.

▪️ "ಯಾವ ಊರು, ಯಾರ ಮನೆ" ಅಂತ ಕೇಳ್ತಾ ಕೇಳ್ತಾ ಜಾತಿ ಹುಡುಕ್ತಾರೆ. ಊರು ಕೇಳೋದು ಪ್ರೀತಿಯಿಂದಲೂ ಇರಬಹುದು. ಉತ್ತರ ಕೇಳಿದ ಮೇಲೆ ದನಿ ಬದಲಾಗತ್ತಾ ಅಂತ ಗಮನಿಸಿ. ಪ್ರಭುಭೋಜನದ ಒಂದೇ ಪಾತ್ರೆಯಿಂದ ಕುಡಿದು ಹೊರಗೆ ಬಂದು ಜಾತಿ ಕೇಳೋ ಸಭೆಗೆ ಹಾಡು ಎಷ್ಟು ಚೆನ್ನಾಗಿದ್ರೇನು?

ನಮ್ಮ ಹೆಸರು ಗೊತ್ತಿರಬೇಕು ಅಂತ ಮೊದಲೇ ಹೇಳಿದೆ. ನಮ್ಮ ಮೇಲೆ ಹಿಡಿತ ಇರಬೇಕು ಅಂತ ಹೇಳಿಲ್ಲ.

🔹 8/10

ಈಗ ಕೆಲಸದ ಮಾತು: ನೋಡೋದು ಹೇಗೆ?

ಒಂದು ಭಾನುವಾರಕ್ಕೆ ಒಂದು ಚರ್ಚ್ ಅಂತ ರುಚಿ ನೋಡ್ತಾ ಹೋದ್ರೆ ಯಾವುದೂ ಅರ್ಥ ಆಗಲ್ಲ. ಮೊದಲು ಮ್ಯಾಪ್ ನೋಡಿ, ಸೀನಿಯರ್ಸ್‌ನ ಕೇಳಿ, ಮೂರು ಹೆಸರು ಬರ್ಕೊಳ್ಳಿ. ಒಂದೊಂದಕ್ಕೂ ಸತತವಾಗಿ ಎರಡು ಭಾನುವಾರ ಹೋಗಿ. ಅಲ್ಲಿಗೆ ಆರು ವಾರ. ಇಷ್ಟ ಆದ ಒಂದಕ್ಕೆ ಇನ್ನೊಂದು ತಿಂಗಳು ಹೋಗಿ. ಮೂರು ತಿಂಗಳ ಒಳಗೇ ಮುಗಿಯತ್ತೆ.

ಕ್ರಿಸ್ಮಸ್, ಈಸ್ಟರ್, ಸುಗ್ಗಿ ಹಬ್ಬದ ದಿನ ನೋಡಿ ತೀರ್ಮಾನ ಮಾಡಬೇಡಿ. ಹಬ್ಬದ ದಿನ ಎಲ್ಲಾ ಚರ್ಚೂ ಚಂದವೇ. ಹಬ್ಬ ಇಲ್ಲದ, ಮಳೆ ಬರ್ತಿರೋ ಒಂದು ಜುಲೈ ಭಾನುವಾರ ಹೋಗಿ.

ಆರಾಧನೆ ಮುಗಿದ ತಕ್ಷಣ ಓಡಬೇಡಿ. ನಿಜವಾದ ಚರ್ಚು ಕಾಣೋದು ಆಮೇಲಿನ ಹದಿನೈದು ನಿಮಿಷದಲ್ಲಿ. ಟೀ ಕೊಡ್ತಾರಾ? ಕೊಟ್ರೆ ಯಾರು ಯಾರ ಜೊತೆ ನಿಂತು ಕುಡೀತಾರೆ? ಗೇಟಿನ ಹತ್ತಿರ ವಾಚ್‌ಮನ್ ಅಣ್ಣನ್ನ ಯಾರಾದ್ರೂ ಮಾತಾಡಿಸ್ತಾರಾ? ಮಗು ಅತ್ತಾಗ ತಾಯಿಯ ಕಡೆ ತಿರುಗಿದ ಮುಖಗಳು ಹೇಗಿದ್ವು? ವೀಲ್‌ಚೇರ್ ಒಳಗೆ ಬರೋಕೆ ದಾರಿ ಇದೆಯಾ? ನೋಟಿಸ್ ಬೋರ್ಡ್ ಓದಿ. ಹಾಸ್ಪಿಟಲ್ ವಿಸಿಟ್, ಟ್ಯೂಷನ್, ರಕ್ತದಾನ ಅಂತ ಏನಾದ್ರೂ ಇದ್ರೆ ಆ ಸಭೆ ಭಾನುವಾರದ ಆಚೆಗೂ ಬದುಕಿದೆ ಅಂತ ಅರ್ಥ.

ಪ್ರಭುಭೋಜನದ ವಿಷಯ ಮೊದಲೇ ಕೇಳ್ಕೊಳ್ಳಿ. ಸಿಎಸ್‌ಐನಲ್ಲಿ ಸಾಮಾನ್ಯವಾಗಿ ದೃಢೀಕರಣ ಆದವರು ತಗೋತಾರೆ. ಕಥೋಲಿಕ ಪೂಜೆಯಲ್ಲಿ ಪರಮಪ್ರಸಾದ ಸಾಮಾನ್ಯವಾಗಿ ಕಥೋಲಿಕರಿಗೆ ಮಾತ್ರ. ಗೊತ್ತಿಲ್ಲದೆ ಸಾಲಿನಲ್ಲಿ ನಿಂತು ಮುಜುಗರ ಪಡೋದು ಬೇಡ.

ಮೂರನೇ ಸಲ ಹೋದಾಗ ಒಂದು ಚಿಕ್ಕ ಕೆಲಸ ಕೇಳಿ. "ಅಂಕಲ್, ಹಾಡಿನ ಪುಸ್ತಕ ನಾನು ಹಂಚಲಾ?" "ಆಂಟಿ, ಕುರ್ಚಿ ಎತ್ತಿಡ್ಲಾ?" ಕೆಲಸ ಕೊಟ್ಟವರು ನಿಮ್ಮ ಹೆಸರು ಕೇಳಲೇಬೇಕು. ಹೆಸರು ಗೊತ್ತಾಗೋಕೆ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಕುರ್ಚಿ ಎತ್ತಿಡೋರನ್ನ ಯಾರೂ "ಹೊಸಬರು" ಅಂತ ತುಂಬಾ ದಿನ ಕರೆಯಲ್ಲ.

🔹 9/10

ಪತ್ರದ ವಿಷಯ. ಬೋರಿಂಗ್ ಅನಿಸಬಹುದು, ಆದ್ರೆ ಓದಿ.

ಊರಿನ ಸಭೆಯಿಂದ ಸದಸ್ಯತ್ವ ವರ್ಗಾವಣೆ ಪತ್ರ ಅಥವಾ ಪರಿಚಯ ಪತ್ರ ತಗೊಳ್ಳಿ. ದೀಕ್ಷಾಸ್ನಾನದ, ದೃಢೀಕರಣದ ಸರ್ಟಿಫಿಕೇಟ್‌ಗಳ ಫೋಟೋ ಫೋನಿನಲ್ಲಿರಲಿ. ಓದೋಕೆ ಎರಡು ವರ್ಷಕ್ಕೆ ಬಂದವರಿಗೆ ಪರಿಚಯ ಪತ್ರ ಸಾಕು, ಸದಸ್ಯತ್ವ ಊರಲ್ಲೇ ಇರಲಿ. ಕೆಲಸ ಸಿಕ್ಕಿ ಇಲ್ಲೇ ಉಳೀತೀವಿ ಅನ್ನೋರು ಪೂರ್ತಿ ವರ್ಗಾಯಿಸಿ. ಮುಂದೆ ಮದುವೆಯ ಪ್ರಕಟಣೆ ಓದಿಸೋಕೆ, ಮಗುವಿನ ದೀಕ್ಷಾಸ್ನಾನಕ್ಕೆ, ಸ್ಮಶಾನದಲ್ಲಿ ಜಾಗಕ್ಕೆ ಸದಸ್ಯತ್ವ ಕೇಳ್ತಾರೆ. ಮದುವೆಗೂ ಮಣ್ಣಿಗೂ ಸಭೆ ಬೇಕು ಅಂತ ಹಿರಿಯರು ಹೇಳೋದು ಸುಮ್ಮನೆ ಅಲ್ಲ.

"ಇದೆಲ್ಲಾ ಆಫೀಸ್ ಥರ ಅಲ್ವಾ?" ಅಂತ ಅನಿಸಿದ್ರೆ ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೇ ಅಧ್ಯಾಯ ಓದಿ. ಸಾಮಾನ್ಯವಾಗಿ ನಾವು ಹಾರಿಸಿಬಿಡೋ ಅಧ್ಯಾಯ ಅದು, ಯಾಕಂದ್ರೆ ಬರೀ ಹೆಸರುಗಳು. ಶುರುವಾಗೋದೇ ಫೊಯಿಬೆ ಅನ್ನೋ ಹೆಂಗಸಿನ ಪರಿಚಯದಿಂದ. ಕೊರಿಂಥದ ಹತ್ತಿರದ ಒಂದು ಬಂದರಿನ ಸಭೆಯಲ್ಲಿ ಸೇವೆ ಮಾಡ್ತಿದ್ದವಳು. ಅವಳನ್ನ ಸರಿಯಾಗಿ ಸೇರಿಸಿಕೊಳ್ಳಿ, ಬೇಕಾದ ಸಹಾಯ ಮಾಡಿ ಅಂತ ಪೌಲ ರೋಮಿನವರಿಗೆ ಬರೀತಾನೆ. ಹೊಸ ಊರಿಗೆ ಬಂದವಳಿಗೆ ಪರಿಚಯ ಪತ್ರ, ಎರಡು ಸಾವಿರ ವರ್ಷದ ಹಿಂದೆ! ಆಮೇಲೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ವಂದನೆ ಹೇಳ್ತಾನೆ. ರೂಫನ ತಾಯಿ ತನಗೂ ತಾಯಿ ಥರ ಅಂತಾನೆ. ಊರೂರು ಅಲೆದ ಮನುಷ್ಯನಿಗೆ ಒಂದು ಕಡೆ ಒಬ್ಬ ಅಮ್ಮ ಸಿಕ್ಕಿದ್ರು ಅಂತ ಆಯ್ತಲ್ಲ. ನಾನು ಹೇಳ್ತಿರೋ ಚರ್ಚು ಅದೇ.

ಮನೆಯವರ ಜೊತೆ ಮಾತಾಡೋದನ್ನ ಮರೀಬೇಡಿ. ಬೇರೆ ಸಭೆಗೆ ಹೋಗ್ತೀನಿ ಅಂದ್ರೆ ಅಮ್ಮನಿಗೆ ಮಗಳು ಕೈತಪ್ಪಿ ಹೋದ ಹಾಗೆ ಅನಿಸಬಹುದು. ಸಭಾಪಾಲಕರ ಹೆಸರು, ಫೋನ್ ನಂಬರ್ ಮನೆಗೆ ಕೊಡಿ. ಅವರು ಬೆಂಗಳೂರಿಗೆ ಬಂದಾಗ ಕರ್ಕೊಂಡು ಹೋಗಿ. ಊರಿನ ಅಯ್ಯನವರಿಗೂ ಒಂದು ಫೋನ್ ಮಾಡಿ, ಇಂಥಾ ಕಡೆ ಹೋಗ್ತಿದ್ದೀನಿ ಅಂತ. ಹೇಳದೆ ಬಿಡೋದಕ್ಕಿಂತ ಹೇಳಿ ಹೋಗೋದು ಮರ್ಯಾದೆ.

🔹 10/10

ಕೊನೆಯ ಪೋಸ್ಟ್ ಹೊಸಬರಿಗಲ್ಲ, ಈಗಾಗಲೇ ಚರ್ಚ್ ಇರೋರಿಗೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನಮ್ಮ ಕ್ಲಾಸ್‌ಮೇಟ್‌ಗಳೇ, ಇದು ನಿಮಗೆ.

ಹೊಸಬರು ನಿಮ್ಮ ಚರ್ಚಿಗೆ ಬಂದು, ಹಿಂದಿನ ಬೆಂಚಿನಲ್ಲಿ ಕೂತು, ಯಾರ ಜೊತೆನೂ ಮಾತಾಡದೆ ಹೋಗ್ತಾರಲ್ಲ, ಅವರು ಸೊಕ್ಕಿನಿಂದ ಹಾಗೆ ಮಾಡ್ತಿಲ್ಲ. ನೀವು ನಾಲ್ಕು ಜನ ಬಾಲ್ಯದ ಗೆಳೆಯರು ರೌಂಡ್ ಆಗಿ ನಿಂತು ನಗ್ತಿರುವಾಗ ಆ ರೌಂಡ್ ಒಳಗೆ ಬರೋಕೆ ಬಾಗಿಲು ಕಾಣಲ್ಲ. ವೇದಿಕೆಯಿಂದ "ಹೊಸಬರು ಎದ್ದು ನಿಲ್ಲಿ" ಅಂತ ಚಪ್ಪಾಳೆ ಹೊಡೆಸಿದ್ರೆ ಸ್ವಾಗತ ಆಗಿಬಿಡ್ತು ಅಂದ್ಕೋಬೇಡಿ. ಅರ್ಧ ಜನಕ್ಕೆ ಅದು ಶಿಕ್ಷೆ. ಅದರ ಬದಲು ಹೊರಗೆ ಬಂದು "ತಿಂಡಿ ಆಯ್ತಾ? ಬಾ, ಇಲ್ಲೇ ಹತ್ತಿರ ಹೋಟ್ಲಿದೆ" ಅನ್ನಿ. ಮುಂದಿನ ವಾರ ಹೆಸರು ಹಿಡಿದು ಕರೆಯಿರಿ. ಇಷ್ಟಕ್ಕೆ ಕಮಿಟಿಯ ಒಪ್ಪಿಗೆ ಬೇಕಾಗಿಲ್ಲ.

ಸಭೆಯ ಹಿರಿಯರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ವಿನಂತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲೇಜು ಸೇರೋಕೆ ಬಂದ ಮಕ್ಕಳು ನಿಮ್ಮ ಬಾಗಿಲಿಗೆ ಬರ್ತಾರೆ. ಒಂದು ಸಲ ನೋಡ್ತಾರೆ, ಎರಡು ಸಲ ನೋಡ್ತಾರೆ. ಮೂರನೇ ಸಲ ಬರಲ್ಲ. ಆಮೇಲೆ "ಈಗಿನ ಮಕ್ಕಳಿಗೆ ಭಕ್ತಿ ಇಲ್ಲ" ಅಂತ ಪ್ರಸಂಗ ಮಾಡೋ ಮುಂಚೆ, ಬಂದಾಗ ಯಾರು ಮಾತಾಡಿಸಿದ್ರು ಅಂತ ಒಮ್ಮೆ ಕೇಳಿ.

ಹೊಸಬರೇ, ನಿಮಗೆ ಮತ್ತೆ ಅದೇ ಮಾತು. ಪರಿಪೂರ್ಣ ಚರ್ಚು ಇಲ್ಲ. ನಮ್ಮೂರಿನದ್ದೂ ಆಗಿರಲಿಲ್ಲ, ಅದನ್ನ ನಾವು ಸಹಿಸ್ಕೊಂಡಿದ್ವಿ ಅಷ್ಟೇ. ಹತ್ತಿರ ಇರಲಿ, ನಿಮ್ಮ ಪ್ರಾರ್ಥನೆಯ ಭಾಷೆ ಇರಲಿ, ಲೆಕ್ಕ ತೆರೆದಿರಲಿ, ಹೆಸರು ಗೊತ್ತಿರಲಿ. ಈ ನಾಲ್ಕಿದ್ರೆ ಸಾಕು, ಹುಡುಕೋದು ನಿಲ್ಲಿಸಿ, ಸೇರ್ಕೊಳ್ಳಿ.

ನಿಮ್ಮ ಏರಿಯಾ ಯಾವುದು ಅಂತ ಕಾಮೆಂಟ್ ಮಾಡಿ. ಆ ಕಡೆ ಇರೋ ಯಾರಾದ್ರೂ "ಈ ಭಾನುವಾರ ಜೊತೆಗೆ ಹೋಗೋಣ ಬಾ" ಅಂತ ಉತ್ತರ ಕೊಡಲಿ. ಒಬ್ಬರೇ ಗೇಟ್ ದಾಟೋದು ಕಷ್ಟ, ಇಬ್ಬರಾದ್ರೆ ಅಷ್ಟಿಲ್ಲ.

#ಹೊಸಏರಿಯಾಹೊಸಚರ್ಚ್ #ಕನ್ನಡಸಭೆ #ಬೆಂಗಳೂರು #ಭಾನುವಾರ #ಪಿಜಿಬದುಕು